ಅಂಗನವಾಡಿ, ಮನೆ, ಊರು: ಒಂದು ಪಾಲುದಾರಿಕೆಯ ಇತಿಹಾಸ

ಆರು ವರ್ಷದೊಳಗಿನ ಮಕ್ಕಳಿಗೆ ಕಲಿಸುವವರು ಆ ಮಕ್ಕಳ ಮನೆಯವರೊಂದಿಗೆ, ಊರಿನೊಂದಿಗೆ ಹೇಗೆ ಕೈಜೋಡಿಸುತ್ತ ಬಂದರು ಎಂಬುದನ್ನು ಭಾರತದ, ವಿಶೇಷವಾಗಿ ಕರ್ನಾಟಕದ, ಅಂಗನವಾಡಿಯ ಮೂಲಕ ಇಲ್ಲಿ ವಿವರಿಸಲಾಗಿದೆ. ಈ ವಿಷಯದ ಬರಹಗಳಲ್ಲಿ ಎರಡು ಗೊಂದಲಗಳು ಮತ್ತೆ ಮತ್ತೆ ಕಾಣುತ್ತವೆ. ಅಂಗನವಾಡಿ 1975ರಲ್ಲಿ ಕೇಂದ್ರ ಸರ್ಕಾರದ ಯೋಜನೆಯೊಂದಿಗೇ ಹುಟ್ಟಿತು ಎಂಬುದು ಒಂದು. ಊರಿನ ಸಹಭಾಗಿತ್ವವೆಂದರೆ ಜಾಗ, ಕಟ್ಟಡ, ತಟ್ಟೆಲೋಟ ದಾನ ಕೊಡುವುದು ಎಂಬುದು ಇನ್ನೊಂದು. ಮೊದಲನೆಯದು ಇಸವಿಯ ತಪ್ಪು, ತಿದ್ದುವುದು ಸುಲಭ. ಎರಡನೆಯದು ಆಳವಾದದ್ದು. ಮಗುವಿನ ಮನೆಗೆ ಶಿಕ್ಷಕಿ ಹೋಗಬೇಕೋ, ಶಿಕ್ಷಕಿ ಇರುವಲ್ಲಿಗೆ ಮನೆಯವರು ಬರಬೇಕೋ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳು ಅದರ ಹಿಂದೆ ಮರೆಯಾಗಿವೆ.

ಶಬ್ದ

ಅಂಗಳ, ಅಂಗಣ ಎರಡೂ ಕನ್ನಡಕ್ಕೆ ಹೊಸವಲ್ಲ. ಮರಾಠಿಯಲ್ಲಿ ಅಂಗನವಾಡಿ ಕೇಂದ್ರದ ಹೆಸರನ್ನು ಇಂದಿಗೂ ಣಕಾರದಲ್ಲಿ, ಅಂಗಣವಾಡಿ ಎಂದೇ ಬರೆಯುತ್ತಾರೆ. ಕರ್ನಾಟಕದ ಸರ್ಕಾರಿ ಫಲಕಗಳಲ್ಲಿ ಅದು ನಕಾರವಾಗಿದೆ. ಹುಟ್ಟಿದ ನಾಡು ನೆರೆಯ ಮಹಾರಾಷ್ಟ್ರವಾದರೂ ಕನ್ನಡಕ್ಕೆ ಈ ಹೆಸರು ದೆಹಲಿಯ ಹಿಂದಿಯ ಮೂಲಕ ಬಂದಿತೆಂಬುದಕ್ಕೆ ಆ ಒಂದು ಅಕ್ಷರವೇ ಸುಳಿವು. ಹೆಂಗಸು ಎಂಬರ್ಥದ ಅಂಗನೆಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ತಿರುಳು ಮನೆಯ ಮುಂದಿನ ಅಂಗಳ.

ಬೋರ್ಡಿ ಮತ್ತು ಕೋಸಬಾಡ

ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ ಕಥೆ ಸಾಕಷ್ಟು ಪ್ರಚಲಿತ. ಮಾಂಟೆಸರಿ ಪದ್ಧತಿಯನ್ನು ಅವರು ಭಾರತದ ಮಕ್ಕಳಿಗೆ ಒಗ್ಗಿಸಿದರು, ತಂದೆತಾಯಂದಿರಿಗಾಗಿಯೂ ಬಿಡದೆ ಬರೆದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಈ ಇತಿಹಾಸದ ಮೊದಲ ತಿರುವು ಮಾತ್ರ ಅವರದೇ.

1926ರಲ್ಲಿ ಗಿಜುಭಾಯಿಯವರೊಡನೆ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದ ತಾರಾಬಾಯಿ, ನಗರದ ಮಧ್ಯಮವರ್ಗದ ಮಕ್ಕಳಿಗಷ್ಟೇ ದಕ್ಕುತ್ತಿದ್ದ ಶಿಶುಶಿಕ್ಷಣವನ್ನು ಹಳ್ಳಿಗೆ ಒಯ್ಯಬೇಕೆಂದು 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಕಡಲತೀರದ ಬೋರ್ಡಿಗೆ ಬಂದರು. ಅದೇ ವರ್ಷ ಅನುತಾಯಿ ವಾಘ್ ಬಂದು ತಾರಾಬಾಯಿಯವರ ಜೊತೆಗೂಡಿದರು. ಊರಿನಲ್ಲಿ ಬಾಲವಾಡಿ ತೆರೆಯಿತು. ಹರಿಜನ ಕೇರಿಯ ಮಕ್ಕಳು ಬರಲಿಲ್ಲ, ಕರೆದರೂ ಬರಲಿಲ್ಲ. ಮನೆಯವರಿಗೆ ಅರಿವಿಲ್ಲ ಎಂದು ಷರಾ ಬರೆದು ಸುಮ್ಮನಾಗುವುದು ಇಂಥ ಹೊತ್ತಿನ ವಾಡಿಕೆ. ಈ ಇಬ್ಬರು ಹಾಗೆ ಮಾಡದೆ ಪಾಠದ ಸಾಮಾನು ಕಟ್ಟಿಕೊಂಡು ತಾವೇ ಕೇರಿಗೆ ಹೋದರು. ಮಕ್ಕಳ ಕೈಕಾಲು ತೊಳೆಸಿ, ತಲೆ ಬಾಚಿ, ಗುಡಿಸಿದ ಅಂಗಳದಲ್ಲೇ ಕೂರಿಸಿಕೊಂಡರು. ದುಬಾರಿ ಮಾಂಟೆಸರಿ ಸಲಕರಣೆಗಳ ಜಾಗಕ್ಕೆ ಬೆಣಚುಕಲ್ಲು, ಬೀಜ, ಎಲೆ, ಹೂವು ಬಂದವು. ತಾಯಂದಿರು, ಅಜ್ಜಿಯರು ಹೊಸ್ತಿಲಲ್ಲಿ ನಿಂತು ನೋಡಿದರು, ಕ್ರಮೇಣ ಹತ್ತಿರ ಬಂದು ಕುಳಿತರು. ಅಂಗಣವಾಡಿ ಎಂಬ ಹೆಸರು ಈ ಏರ್ಪಾಟಿನದು.

ಊರ ಬಾಲವಾಡಿಗೂ ಕೇರಿಗೂ ನಡುವೆ ಜಾತಿ ಎಳೆದ ಗೆರೆಯನ್ನು ದಾಟಲೆಂದು ಅಂಗನವಾಡಿ ಹುಟ್ಟಿತು ಎಂಬುದನ್ನು ಯೋಜನೆಯ ಪರಿಚಯ ಪುಸ್ತಿಕೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಬಿಡಬಾರದ ಸಂಗತಿ ಅದು. ಮನೆಯವರೊಡನೆ ಪಾಲುದಾರಿಕೆ ಎಂಬುದು ಇಲ್ಲಿ ಕಲಿಸುವ ವಿಧಾನದ ಒಂದು ಅಂಗವಾಗುವುದಕ್ಕೂ ಮೊದಲು ಶಿಕ್ಷಕಿಯ ನಡಿಗೆಯ ದಿಕ್ಕಾಗಿತ್ತು.

1957ರಲ್ಲಿ ಸಂಸ್ಥೆ ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋಯಿತು. ಅಲ್ಲಿನವರು ವಾರ್ಲಿ ಮತ್ತಿತರ ಆದಿವಾಸಿಗಳು. ಮಕ್ಕಳು ದನ ಕಾಯುತ್ತಿದ್ದರು, ಕೂಸುಗಳನ್ನು ಎತ್ತಿಕೊಂಡು ತಿರುಗುತ್ತಿದ್ದರು. ಅಂಗಳವೂ ಸಾಲದೆಂದು ಶಿಕ್ಷಕಿಯರು ಹುಲ್ಲುಗಾವಲಿಗೇ ಹೋದರು; ಅದು ಕುರಣಶಾಲೆ ಎನಿಸಿತು. ಬಾಲವಾಡಿ, ಶಾಲೆ, ಶಿಶುಪಾಲನೆ ಒಂದೇ ಆವರಣದಲ್ಲಿ ಸೇರಿದ ವಿಕಾಸವಾಡಿಯ ಪ್ರಯೋಗವನ್ನೂ ನಡೆಸಿದರು. ಅಣ್ಣನ ಕಂಕುಳಲ್ಲಿರುವ ತಂಗಿಗೆ ಜಾಗವಿಲ್ಲದಿದ್ದರೆ ಅಣ್ಣನೂ ಶಾಲೆಗೆ ಬರುವುದಿಲ್ಲ ಎಂದು ಮನೆಯ ದಿನಚರಿಯನ್ನು ನೋಡಿಯೇ ಅವರು ತಿಳಿದಿದ್ದರು. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ ಸಂದಿತು. ಅವರು 1973ರಲ್ಲಿ ತೀರಿಕೊಂಡರು. ಅವರ ಶಬ್ದ ರಾಷ್ಟ್ರೀಯ ಯೋಜನೆಯ ಕೇಂದ್ರಗಳ ಹೆಸರಾದದ್ದು ಅದಾಗಿ ಎರಡು ವರ್ಷಕ್ಕೆ.

ಸಮಕಾಲೀನ ಪ್ರಯತ್ನಗಳು

1944ರಲ್ಲಿ ಸೆರೆಯಿಂದ ಹೊರಬಂದ ಗಾಂಧೀಜಿ ನಯಿ ತಾಲೀಮ್ ಎಂಬ ತಮ್ಮ ಬುನಾದಿ ಶಿಕ್ಷಣವನ್ನು ಹುಟ್ಟಿನಿಂದ ಸಾವಿನವರೆಗೆ ಹಿಗ್ಗಿಸುವ ಮಾತಾಡಿದರು. 1945ರ ಸೇವಾಗ್ರಾಮ ಸಮ್ಮೇಳನದ ಬಳಿಕ ಪೂರ್ವ ಬುನಾದಿ ಶಿಕ್ಷಣ ಅದರ ಭಾಗವಾಯಿತು. ಮಗುವಿನ ಕಲಿಕೆ ತಾಯ್ತಂದೆಯರ ಕಲಿಕೆಯೊಂದಿಗೇ ಶುರುವಾಗಬೇಕು ಎಂಬ ನಿಲುವು ಅದರದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಆರಂಭಿಸಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಈ ಎರಡು ಕನ್ನಡ ಪ್ರಯತ್ನಗಳನ್ನು ಅಂಗನವಾಡಿಯ ಪೂರ್ವಜರೆಂದು ಕರೆಯುವುದು ಅತಿಯಾಗುತ್ತದೆ. ಆದರೂ ಮಕ್ಕಳಿಗಾಗಿ ನೆರೆಹೊರೆಯವರು ಒಂದುಗೂಡಬೇಕು ಎಂಬ ರೂಢಿಗೆ ಅವು ನೆಲ ಹದಮಾಡಿದವು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ನೇತೃತ್ವದಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಮಹಿಳಾ ಮಂಡಳಗಳು ನಡೆಸುವ ಬಾಲವಾಡಿಗಳಿಗೆ ಅನುದಾನ ಕೊಡಲಾರಂಭಿಸಿತು. ಕರ್ನಾಟಕದ ಹಿರಿಯರ ನೆನಪಿನಲ್ಲಿರುವ ಶಿಶುವಿಹಾರ, ಬಾಲವಾಡಿಗಳಲ್ಲಿ ಹಲವು ಈ ಬಗೆಯವು. 1969ರಲ್ಲಿ ಮೀರಾ ಮಹಾದೇವನ್ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲೇ ಮೊಬೈಲ್ ಕ್ರೆಶ್ ಎಂಬ ಶಿಶುಪಾಲನಾ ಕೇಂದ್ರ ಆರಂಭಿಸಿದರು. ಮಗು ಎಲ್ಲಿದೆಯೋ ಅಲ್ಲಿಗೆ ಹೋಗುವ ಬೋರ್ಡಿಯ ತತ್ವವೇ ಅಲ್ಲಿ ಗುಳೆ ಬಂದ ಕೂಲಿಕಾರರ ಜೋಪಡಿಯ ನಡುವೆ ಮರಳಿ ಕಾಣಿಸಿತು.

ಸರ್ಕಾರದ ಯೋಜನೆ ಮತ್ತು ಊರಿನ ಹೆಂಗಸು

1974ರ ಆಗಸ್ಟಿನಲ್ಲಿ ರಾಷ್ಟ್ರೀಯ ಮಕ್ಕಳ ನೀತಿ ಬಂದಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲ ಯೋಜನೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಆರೋಗ್ಯಗಳ ತಿಳಿವಳಿಕೆ ಹೀಗೆ ಆರು ಸೇವೆಗಳು. ರಾಜ್ಯದಲ್ಲಿ ಈಗ ಕೇಂದ್ರಗಳ ಸಂಖ್ಯೆ 65 ಸಾವಿರ ಮೀರಿದೆ, ದೇಶದಲ್ಲಿ ಸುಮಾರು 14 ಲಕ್ಷ.

ಈ ಬೆಳವಣಿಗೆಯ ಅಂಕಿಅಂಶ ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಅಷ್ಟಾಗಿ ಗಮನಕ್ಕೆ ಬಾರದಿರುವುದು ಯೋಜನೆಯ ಒಂದು ಷರತ್ತು: ಕಾರ್ಯಕರ್ತೆ ಅದೇ ಊರಿನವಳಾಗಿರಬೇಕು. ಮನೆಯವರೊಡನೆ ಸಂಬಂಧ ಕಟ್ಟಲು ಯೋಜನೆ ಹೂಡಿದ ಬಲುದೊಡ್ಡ ಬಂಡವಾಳ ಇದೇ. ಶಾಲೆಯ ಮೇಷ್ಟ್ರು ವರ್ಗವಾಗಿ ಬರುತ್ತಾರೆ, ಹೋಗುತ್ತಾರೆ. ಅಂಗನವಾಡಿ ಟೀಚರ್ ಅದೇ ಊರಿನ ಸೊಸೆ, ಇಲ್ಲವೇ ಮಗಳು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಗಂಡ ಕುಡಿದು ಬರುತ್ತಾನೆ, ಯಾವ ಅತ್ತೆ ಸೊಸೆಗೆ ಮೊಟ್ಟೆ ತಿನ್ನಗೊಡುವುದಿಲ್ಲ ಎಂದು ಅವಳಿಗೆ ಸರ್ವೆ ಮಾಡದೆಯೂ ಗೊತ್ತು. ತುಳು, ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಗುವನ್ನು ಅದರ ಮಾತಿನಲ್ಲೇ ಮಾತಾಡಿಸಿ ಸಮಾಧಾನ ಮಾಡುವ ಶಕ್ತಿಯೂ ಬಹಳಷ್ಟು ಕಡೆ ಈ ಷರತ್ತಿನಿಂದಲೇ ಬಂದದ್ದು.

ಸಹಾಯಕಿಯ ಪಾತ್ರ ದಾಖಲೆಗಳಲ್ಲಿ ಇನ್ನೂ ತೆಳ್ಳಗಿದೆ. ಕಸ ಗುಡಿಸಿ ಒಲೆ ಹಚ್ಚಿ ಅಡುಗೆ ಮಾಡುವವಳು ಎಂದಷ್ಟೇ ಅವಳ ಬಗ್ಗೆ ಬರೆದಿರುತ್ತದೆ. ಬೆಳಗ್ಗೆ ಬೀದಿಬೀದಿ ತಿರುಗಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿ, ಮೂಗು ಸುರಿಸುವ ಮಗುವಿನ ಮುಖ ಸೆರಗಿನಿಂದ ಒರೆಸಿ, ಒಬ್ಬರನ್ನು ಕಂಕುಳಲ್ಲಿ ಎತ್ತಿಕೊಂಡು ಇಬ್ಬರ ಕೈ ಹಿಡಿದು ಕೇಂದ್ರಕ್ಕೆ ಕರೆತರುವವಳು ಅವಳೇ. ಆ ಹೊಸ್ತಿಲ ಮಾತಿನಲ್ಲೇ ಮಗುವಿಗೆ ರಾತ್ರಿ ಜ್ವರ ಬಂದದ್ದು, ತಾಯಿ ಹೊಲಕ್ಕೆ ಹೋಗಿ ಮಗು ಅಜ್ಜಿಯ ಬಳಿ ಉಳಿದದ್ದು, ಮನೆಯವರು ಕಬ್ಬು ಕಡಿಯಲು ಹೊರಟದ್ದು ಎಲ್ಲವೂ ತಿಳಿಯುತ್ತದೆ. ಶಾಲೆಗಳು ಪಾಲಕರ ಸಭೆ ಕರೆದು ಪಡೆಯುವ ತಿಳಿವಳಿಕೆ ಅವಳಿಗೆ ದಿನಕ್ಕೊಮ್ಮೆ ನಡಿಗೆಯಲ್ಲಿ ಸಿಗುತ್ತದೆ.

ಇದೇ ಷರತ್ತಿಗೆ ನೆರಳೂ ಇದೆ. ಊರಿನವಳು ಊರಿಗಾಗಿ ಮಾಡುವ ಸೇವೆ ಎಂಬ ನೆಲೆಯಲ್ಲಿ ಅವಳಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಕರ್ನಾಟಕ ಸರ್ಕಾರದ ಮೇಲ್ಮನವಿಯ ಮೇಲೆ ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವೆಯ ಹುದ್ದೆಯಲ್ಲ ಎಂದು ತೀರ್ಪಿತ್ತಿತು. 2017ರ ಮಾರ್ಚಿನಲ್ಲಿ ರಾಜ್ಯದ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿನ ಬೀದಿಯಲ್ಲಿ ಹಗಲೂ ರಾತ್ರಿ ಕುಳಿತು ಗೌರವಧನ ಏರಿಕೆಗೆ ಪಟ್ಟುಹಿಡಿದರು. ಗುಜರಾತಿನ ಪ್ರಕರಣವೊಂದರಲ್ಲಿ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಅವರು ಗ್ರಾಚ್ಯುಟಿಗೆ ಅರ್ಹರೆಂದು ಹೇಳಿತು. ಆಹಾರ ಭದ್ರತಾ ಕಾಯ್ದೆಯ ಹೊಣೆಯನ್ನೂ ಶಾಲಾಪೂರ್ವ ಶಿಕ್ಷಣವನ್ನೂ ಅವರು ನಿರ್ವಹಿಸುತ್ತಿದ್ದಾರೆಂಬುದನ್ನು ಅದು ಪರಿಗಣಿಸಿತು. ಈ ವ್ಯಾಜ್ಯಗಳನ್ನು ಕಾರ್ಮಿಕ ಇತಿಹಾಸಕ್ಕೆ ಸೇರಿಸಿ ಶಿಶುಶಿಕ್ಷಣದ ಇತಿಹಾಸದಿಂದ ಹೊರಗಿಡುವುದು ಸರಿಯಲ್ಲ. ಅಂಗನವಾಡಿ ಮತ್ತು ಮನೆಯ ನಡುವಿನ ಸೇತುವೆ ನಿಂತಿರುವುದು ಒಬ್ಬ ಹೆಂಗಸಿನ ಹೆಗಲ ಮೇಲೆ. ಆ ಹೆಗಲಿಗೆ ಸಲ್ಲುವ ಬೆಲೆಯ ಪ್ರಶ್ನೆ ಸೇತುವೆಯ ಪ್ರಶ್ನೆಯೇ.

ಸಮಿತಿ, ನ್ಯಾಯಾಲಯ, ಮೊಟ್ಟೆ

ಕರ್ನಾಟಕದಲ್ಲಿ ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ. ತಾಯಂದಿರು ಅದರ ಸದಸ್ಯರು. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳನ್ನು ಊರೂರಲ್ಲಿ ಕಟ್ಟಿದವರೂ ಅಂಗನವಾಡಿ ಕಾರ್ಯಕರ್ತೆಯರೇ. ಹೀಗಾಗಿ ಮಗುವನ್ನು ಬಿಡಲು ಬಂದ ತಾಯಿ ಉಳಿತಾಯದ ಪುಸ್ತಕವನ್ನೂ ಅಲ್ಲಿಯೇ ತೆರೆದಳು.

ಊರಿನ ಪಾಲಿಗೆ ಕಾನೂನಿನ ಬಲ ಬಂದದ್ದು ನ್ಯಾಯಾಲಯದಿಂದ. ಆಹಾರದ ಹಕ್ಕಿಗಾಗಿ ನಾಗರಿಕ ಸ್ವಾತಂತ್ರ್ಯ ಸಂಘಟನೆ ಪಿಯುಸಿಎಲ್ 2001ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸರಣಿ ಆದೇಶಗಳನ್ನು ಕೊಟ್ಟಿತು. 2004ರ ಅಕ್ಟೋಬರ್ 7ರ ಆದೇಶ, ಅಂಗನವಾಡಿಗಳಿಗೆ ಆಹಾರ ಪೂರೈಸಲು ಗುತ್ತಿಗೆದಾರರು ಬೇಡ, ಧಾನ್ಯ ಕೊಳ್ಳಲು ಅಡುಗೆ ಮಾಡಲು ಊರಿನವರು, ಸ್ವಸಹಾಯ ಗುಂಪುಗಳು, ಮಹಿಳಾ ಮಂಡಳಗಳಿಗೆ ಆದ್ಯತೆ ಇರಲಿ ಎಂದಿತು. 2006ರ ಡಿಸೆಂಬರ್ 13ರ ಆದೇಶ ಇನ್ನೂ ಮುಂದೆ ಹೋಯಿತು. ಅಂಗನವಾಡಿ ಇಲ್ಲದ, ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ ಹಳ್ಳಿ ಅಥವಾ ಕೊಳೆಗೇರಿಯ ಜನ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. ಊರು ಎಂದರೆ ಜಾಗ ದಾನ ಕೊಡುವ ಕೈ ಎಂಬ ಹಳೆಯ ಕಲ್ಪನೆಯನ್ನು ಈ ಆದೇಶ ತಿರುಗಿಸಿ ನಿಲ್ಲಿಸಿತು. ಈಗ ಊರು ಹಕ್ಕಿನಿಂದ ಕೇಳುವ ಬಾಯಿ. ಸಮುದಾಯದ ಸಹಭಾಗಿತ್ವದ ಬಗೆಗಿನ ಬರಹಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಆದೇಶ ಒಂದು, ಆಚರಣೆ ಇನ್ನೊಂದು. ರಾಜ್ಯದಲ್ಲಿ ‘ಪುಷ್ಟಿ’ಯಂಥ ಪೌಷ್ಟಿಕ ಆಹಾರದ ಮಿಶ್ರಣವನ್ನು ಸಿದ್ಧಪಡಿಸಿ ಪೂರೈಸಲು ಮಹಿಳೆಯರ ತಯಾರಿಕಾ ಘಟಕಗಳು, ಎಂ.ಎಸ್.ಪಿ.ಟಿ.ಸಿ.ಗಳು, ಇದ್ದವು. ಅವು ಹೆಸರಿಗೆ ಮಹಿಳೆಯರವು, ಹಿಂದೆ ಗುತ್ತಿಗೆದಾರರಿದ್ದಾರೆ ಎಂಬ ಆಕ್ಷೇಪ 2011–12ರ ಹೊತ್ತಿಗೆ ಬಲವಾಗಿ ಎದ್ದಿತು. ರಾಯಚೂರು ಜಿಲ್ಲೆಯ ಅಪೌಷ್ಟಿಕತೆಯ ಸುದ್ದಿಗಳು ರಾಜ್ಯವನ್ನು ಕಲಕಿದ ಕಾಲವೂ ಅದೇ. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ 2012ರಲ್ಲಿ ವರದಿ ನೀಡಿತು. ಮೊಟ್ಟೆ, ತರಕಾರಿಯ ಹಣವನ್ನು ಬಾಲವಿಕಾಸ ಸಮಿತಿಯ ಅಧ್ಯಕ್ಷೆ ಮತ್ತು ಕಾರ್ಯಕರ್ತೆಯ ಜಂಟಿ ಖಾತೆಗೆ ಹಾಕುವ ಪದ್ಧತಿ ಇವುಗಳ ನಡುವೆ ಊರಿಗೆ ನಿಜವಾಗಿ ದಕ್ಕಿದ ಅಧಿಕಾರ. ಚಿಕ್ಕದು, ಆದರೆ ಪಕ್ಕಾ. ಪಕ್ಕದ ಅಂಗಡಿಯಿಂದ ತಂದ ಮೊಟ್ಟೆ ಕೆಟ್ಟಿದ್ದರೆ ತಾಯಿ ಅಂಗಡಿಯವನನ್ನೇ ಕೇಳಬಹುದು. ಹಣ ತಡವಾದ ತಿಂಗಳು ಕಾರ್ಯಕರ್ತೆ ತನ್ನ ಕೈಯಿಂದ ಹಾಕಿ ಅಥವಾ ಸಾಲ ಹೇಳಿ ತರಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ.

ಮಾತೃಪೂರ್ಣ: ಯಾರು ಯಾರ ಬಳಿಗೆ?

ಕೇಂದ್ರವೇ ಮನೆಗೆ ಹೋಗಬೇಕು, ಮನೆಯವರೇ ಕೇಂದ್ರಕ್ಕೆ ಬರಬೇಕು ಎಂಬ ಎರಡು ನಿಲುವುಗಳು ನೇರವಾಗಿ ಡಿಕ್ಕಿ ಹೊಡೆದದ್ದು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿ. ಗರ್ಭಿಣಿ ಮತ್ತು ಬಾಣಂತಿಯರಿಗೆ ಮನೆಗೆ ಪಡಿತರ ಕೊಡುವ ಬದಲು ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಇದರ ಹಿಂದಿನ ತರ್ಕ ಗಟ್ಟಿಯಾದದ್ದು. ಮನೆಗೆ ಕೊಟ್ಟ ಪೊಟ್ಟಣ ಇಡೀ ಮನೆಗೆ ಹಂಚಿಹೋಗುತ್ತದೆ, ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಗೆ ತಲುಪುವುದು ತಳದ್ದು. ಕೇಂದ್ರದಲ್ಲಿ ಕುಳಿತು ಉಂಡರೆ ಅವಳದು ಅವಳಿಗೇ. ಇಂಥ ಊಟವನ್ನು ನೆರೆಯ ತೆಲುಗು ರಾಜ್ಯಗಳು ಮೊದಲೇ ಕೊಡತೊಡಗಿದ್ದವು.

ಆದರೆ ಬಾಣಂತಿ ಹೊಸ್ತಿಲು ದಾಟುವ ಪದ್ಧತಿ ಬಹಳ ಮನೆಗಳಲ್ಲಿ ಇರಲಿಲ್ಲ. ತಲೆಗೆ ಬಟ್ಟೆ ಕಟ್ಟಿ, ಗಾಳಿ ಸೋಕದಂತೆ ಕೋಣೆಯಲ್ಲಿ ಇರಿಸುವುದು ಬಾಣಂತನದ ಕ್ರಮ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುತ್ತಾಳೆ. ಅವಳ ಹೆಸರಿರುವುದು ಗಂಡನ ಊರಿನ ರಿಜಿಸ್ಟರಿನಲ್ಲಿ. ಮಲೆನಾಡು, ಕರಾವಳಿಯ ಒಂಟಿಮನೆಗಳಿಂದ ಕೇಂದ್ರಕ್ಕೆ ಗುಡ್ಡ, ತೋಟ, ಹಳ್ಳ ದಾಟಿ ನಡೆಯಬೇಕು. ತುಂಬುಬಸುರಿ ಮಳೆಗಾಲದಲ್ಲಿ ಒಂದು ಊಟಕ್ಕಾಗಿ ಅಷ್ಟು ದೂರ ನಡೆದಾಳೆಯೇ ಎಂದು ಆ ಭಾಗದ ಕಾರ್ಯಕರ್ತೆಯರೇ ಕೇಳಿದರು. ಕೂಲಿಗೆ ಹೋಗುವವರಿಗೆ ಹೊತ್ತು ಹೊಂದಲಿಲ್ಲ. ಯಾರು ಅಡುಗೆ ಮಾಡಿದರು, ಯಾರ ಪಕ್ಕ ಕೂರಬೇಕು ಎಂಬ ಜಾತಿಯ ಲೆಕ್ಕವೂ ಕೆಲವೆಡೆ ಅಡ್ಡಬಂದಿತು. ಬೋರ್ಡಿಯಲ್ಲಿ ಯಾವುದನ್ನು ದಾಟಲೆಂದು ಶಿಕ್ಷಕಿ ನಡೆದಿದ್ದಳೋ ಅದನ್ನು ಈಗ ಬಸುರಿಯೇ ದಾಟಬೇಕಾಯಿತು. ಆದರೂ ಬಯಲುಸೀಮೆಯ ಹಲವು ಊರುಗಳಲ್ಲಿ ಹೆಂಗಸರು ಬಂದರು, ಒಟ್ಟಿಗೆ ಕುಳಿತು ಉಂಡರು. ಮೊದಲ ಬಾರಿಗೆ ಬಡಿಸಿಕೊಂಡು ಉಂಡ ಅನುಭವ ಅವರಲ್ಲಿ ಎಷ್ಟೋ ಮಂದಿಗೆ ಅದೇ. ಯೋಜನೆ ಗೆದ್ದಿತೋ ಸೋತಿತೋ ಎಂದು ರಾಜ್ಯಕ್ಕೆಲ್ಲ ಒಂದೇ ಮಾತಿನಲ್ಲಿ ಹೇಳುವ ಬರಹಗಳು ಈ ನೆಲದ ವ್ಯತ್ಯಾಸವನ್ನು ಕಡೆಗಣಿಸುತ್ತವೆ.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಕೇಂದ್ರಗಳು ಮುಚ್ಚಿದಾಗ ನಡಿಗೆ ಮತ್ತೆ ತಿರುಗಿತು. ಪಡಿತರ ಮನೆಗೆ ಹೋಯಿತು, ಕಾರ್ಯಕರ್ತೆಯರು ಆರೋಗ್ಯ ಸಮೀಕ್ಷೆಗೆ ಮನೆಮನೆ ಹತ್ತಿಳಿದರು. ರಾಜ್ಯದ ಅಂಗನವಾಡಿಗಳು ಮತ್ತೆ ತೆರೆಯತೊಡಗಿದ್ದು 2021ರ ನವೆಂಬರ್ 8ರಂದು. ಒಂದೂವರೆ ವರ್ಷಕ್ಕೂ ಮೇಲೆ, ಅಂದರೆ ಮೂರು ವರ್ಷದ ಮಗುವಿನ ಬದುಕಿನ ಅರ್ಧದಷ್ಟು ಕಾಲ, ಕೇಂದ್ರವಿಲ್ಲದೆ ಮನೆಭೇಟಿ ಒಂದೇ ಉಳಿದಿತ್ತು.

ಆಚರಣೆ, ರಿಜಿಸ್ಟರು, ಫೋನು

ತಾಯಂದಿರ ಸಭೆ, ಬಾಲಮೇಳ, ಸೆಪ್ಟೆಂಬರಿನ ಪೌಷ್ಟಿಕ ಆಹಾರ ಸಪ್ತಾಹ ಹಳೆಯವು. 2018ರ ಮಾರ್ಚ್ 8ರಂದು ಆರಂಭವಾದ ಪೋಷಣ್ ಅಭಿಯಾನ ತಿಂಗಳಿಗೆ ಎರಡು ಸಮುದಾಯ ಕಾರ್ಯಕ್ರಮಗಳನ್ನು ನಿಗದಿ ಮಾಡಿತು. ಅವುಗಳಲ್ಲಿ ಸೀಮಂತ, ಅನ್ನಪ್ರಾಶನಗಳು ಜನಕ್ಕೆ ಹಿಡಿಸಿದವು. ಬಸುರಿಗೆ ಹಸಿರು ಬಳೆ ತೊಡಿಸಿ, ಅರಿಶಿನ ಕುಂಕುಮ ಹಚ್ಚಿ, ಮಡಿಲಿಗೆ ಹಣ್ಣು ಹಾಕಿ ಆರತಿ ಎತ್ತುತ್ತಾರೆ. ಮುಂದೆ ಜೋಡಿಸಿದ ತಟ್ಟೆಗಳಲ್ಲಿ ಮೊಳಕೆ ಕಾಳು, ನುಗ್ಗೆ ಸೊಪ್ಪು, ರಾಗಿ, ಕಡಲೆಬೀಜದ ಉಂಡೆ. ಜೊತೆಗೆ ಬಂದ ಅತ್ತೆಗೂ ಆ ತಟ್ಟೆಗಳನ್ನು ತೋರಿಸಿ ಮಾತಾಡುತ್ತಾರೆ. ಉಪದೇಶ ಕೇಳಲು ಬಾರದ ಅತ್ತೆ ಶಾಸ್ತ್ರಕ್ಕೆ ಬರುತ್ತಾಳೆ ಎಂಬ ತಿಳಿವಳಿಕೆ ಇದರಲ್ಲಿದೆ. ಒಂದು ಸಮುದಾಯದ ಶಾಸ್ತ್ರವನ್ನು ಎಲ್ಲರ ಮೇಲೆ ಹೊರಿಸಿದಂತಾಗುತ್ತದೆ, ವಿಧವೆಯರು ಮಕ್ಕಳಿಲ್ಲದವರು ಬದಿಗೆ ನಿಲ್ಲುವಂತಾಗುತ್ತದೆ ಎಂಬ ಟೀಕೆಯನ್ನೂ ತಳ್ಳಿಹಾಕಲಾಗದು.

ಮನೆಯ ಪರಿಚಯ ದಾಖಲೆಯಾಗುವ ಬಗೆಯೂ ಬದಲಾಗಿದೆ. 2012ರ ಪರಿಷ್ಕರಣೆಯ ನಂತರ ಕೇಂದ್ರದಲ್ಲಿ 11 ರಿಜಿಸ್ಟರುಗಳು. ಮೊದಲನೆಯದೇ ಕುಟುಂಬದ ವಿವರದ್ದು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಬಂದಿತು. 2025ರ ಜುಲೈಯಿಂದ ಮನೆಗೊಯ್ಯುವ ಪಡಿತರಕ್ಕೆ ಮುಖಚಹರೆ ಗುರುತು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗುವ ಕಟ್ಟೆಯ ಮೇಲೆ ಮಗು ಎತ್ತಿಕೊಂಡ ತಾಯಿಯನ್ನು ನಿಲ್ಲಿಸಿ, ಕಣ್ಣು ಮಿಟುಕಿಸಲು ಹೇಳಿ, ಫೋನು ಒಪ್ಪುವವರೆಗೆ ಕಾಯುವುದು ಈಗ ಕಾರ್ಯಕರ್ತೆಯ ಕೆಲಸ. ಹುಟ್ಟಿದಾಗಿನಿಂದ ಬಲ್ಲ ಮುಖವನ್ನು ಅವಳು ಯಂತ್ರಕ್ಕೆ ರುಜುವಾತು ಮಾಡಬೇಕು. ಸೋರಿಕೆ ತಡೆಯುವ ಉದ್ದೇಶ ನ್ಯಾಯವಾದದ್ದೇ. ಮನೆಭೇಟಿಯ ಹೊತ್ತನ್ನು ಅದು ತಿನ್ನುತ್ತಿದೆ ಎಂಬ ಕಾರ್ಯಕರ್ತೆಯರ ದೂರನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು.

ಎಲ್‌ಕೆಜಿಯ ವಿವಾದ

ಇತ್ತೀಚಿನ ತಿರುವು ಪಾಲಕರ ಆಸೆಯದು. ರಾಗಿಗಂಜಿ ಹಾಡು ಆಟ ಸಾಕು ಎನ್ನುತ್ತಿದ್ದ ಮನೆಗಳು ಯೂನಿಫಾರ್ಮು, ಇಂಗ್ಲಿಷು, ಹೋಂವರ್ಕು ಬೇಕೆನ್ನತೊಡಗಿದವು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವಪ್ರಾಥಮಿಕ ತರಗತಿಗಳು ತೆರೆದವು. 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ನೌಕರರು ಪ್ರತಿಭಟಿಸಿದರು: ಮೂರು ದಾಟಿದ ಮಕ್ಕಳೆಲ್ಲ ಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಏನು? ಅದೇ ವರ್ಷ ಬೆಂಗಳೂರಿನ 250 ಕೇಂದ್ರಗಳನ್ನು ಸರ್ಕಾರಿ ಮಾಂಟೆಸರಿಗಳೆಂದು ಉದ್ಘಾಟಿಸಲಾಯಿತು. ಮಾಂಟೆಸರಿಯನ್ನು ಬೆಣಚುಕಲ್ಲಿಗೆ ಇಳಿಸಿ ಅಂಗಳಕ್ಕೆ ತಂದ ಕಾರ್ಯಕ್ಕೆ ಎಂಟು ದಶಕವಾಗುವ ಹೊತ್ತಿಗೆ, ಪಾಲಕರನ್ನು ಉಳಿಸಿಕೊಳ್ಳಲು ಅಂಗನವಾಡಿಗೆ ಆ ಹೆಸರು ಮತ್ತೆ ಬೇಕಾಯಿತು. ಪಾಲಕರ ಬೇಡಿಕೆಯನ್ನು ಅಜ್ಞಾನವೆಂದು ಬರೆಯುವ ಶಿಕ್ಷಣ ತಜ್ಞರಿದ್ದಾರೆ. ಕೂಲಿ ದುಡಿದು ಮಗಳನ್ನು ಓದಿಸಲು ಬಯಸುವ ತಾಯಿಯ ಮಾತನ್ನು ಕೇಳದೆ ಅವಳೊಡನೆ ಪಾಲುದಾರಿಕೆ ಸಾಧ್ಯವಿಲ್ಲ.

ಮೂರು ವರ್ಷದೊಳಗಿನ ಕೂಸುಗಳ ಮಾತು ಬೇರೆ. ಅವುಗಳಿಗೆ ಎಲ್‌ಕೆಜಿ ಇಲ್ಲ, ಅಂಗನವಾಡಿಯ ದಿನಪೂರ್ತಿ ಪಾಲನೆಯೂ ಸಾಮಾನ್ಯವಾಗಿ ಇಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ರಾಜ್ಯ 2023ರಲ್ಲಿ ಪ್ರಕಟಿಸಿತು. ಅಲ್ಲಿನ ಆರೈಕೆದಾರರು ಅದೇ ಊರಿನ, ತರಬೇತಿ ಪಡೆದ ಹೆಂಗಸರು. ಕೆರೆ ಹೂಳೆತ್ತುವ, ಬದು ಹಾಕುವ ತಾಯಂದಿರು ಮಗುವನ್ನು ಮರದ ನೆರಳಿನ ಜೋಳಿಗೆಯಲ್ಲಿ ಮಲಗಿಸುವ ಬದಲು ಬೆಳಗ್ಗೆ ಅವರ ಕೈಗೆ ಕೊಟ್ಟು ಹೋಗುತ್ತಾರೆ; ರಾತ್ರಿ ಮಗು ಎಷ್ಟು ಹೊತ್ತಿಗೆ ಮಲಗಿತು, ಏನು ತಿಂದಿದೆ ಎಂದು ಹೇಳಿ ಹೋಗುತ್ತಾರೆ.